ಎರಿಕ್ ಕಾರ್ಲ್ ಚಿತ್ರಪುಸ್ತಕಗಳು: ಕೊಳ್ಳುವ ಮುಂಚೆ ತೂತು, ಅಂಚು, ಉಬ್ಬು ನೋಡಿ

ಅಮೆರಿಕದ ಮಕ್ಕಳ ಚಿತ್ರಪುಸ್ತಕಕಾರ ಎರಿಕ್ ಕಾರ್ಲ್ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಕೊಳ್ಳುವ ಮುಂಚೆ ಸೋಮವಾರದ ಪುಟ ತೆಗೆದು ಸೇಬಿನ ಮೇಲೆ ಬೆರಳಾಡಿಸಿ. ಅಲ್ಲಿ ಆರಪಾರ ತೂತು ಇರಬೇಕು. ಆ ಪುಟ ಉಳಿದ ಪುಟಗಳಿಗಿಂತ ಕಿರಿದಾಗಿದ್ದು, ಅದರ ಬಲಕ್ಕೆ ಮಂಗಳವಾರದ ಪೇರು, ಬುಧವಾರದ ಪ್ಲಮ್, ಗುರುವಾರದ ಸ್ಟ್ರಾಬೆರಿ, ಶುಕ್ರವಾರದ ಕಿತ್ತಳೆ ಒಂದರ ಹಿಂದೆ ಒಂದು ಇಣುಕುತ್ತಿರಬೇಕು. ತೂತಿನ ಜಾಗದಲ್ಲಿ ಬರೀ ಕಪ್ಪು ಚುಕ್ಕೆ ಮುದ್ರಿಸಿ, ಎಲ್ಲ ಪುಟವನ್ನೂ ಒಂದೇ ಅಳತೆಗೆ ಕತ್ತರಿಸಿದ ಪ್ರತಿ ಕೈಗೆ ಬಂದರೆ ಅದನ್ನು ಅಲ್ಲೇ ಇಟ್ಟು ಬನ್ನಿ, ಎಷ್ಟೇ ಅಗ್ಗವಾಗಿರಲಿ. ಕಾರ್ಲ್ ಅವರ ಒಳ್ಳೆಯ ಪುಸ್ತಕಗಳಲ್ಲಿ ಕತೆಯ ಅರ್ಧ ಭಾಗವನ್ನು ಹೇಳುವುದು ಕಾಗದವೇ. ಕತ್ತರಿ, ಮಡಿಕೆ, ಉಬ್ಬು, ಕೊನೆಯ ಪುಟದ ಸದ್ದು, ಇವು ಕೆಟ್ಟ ಆವೃತ್ತಿಯಲ್ಲಿ ಮಾಯವಾದರೆ ಉಳಿಯುವುದು ಸಾಧಾರಣ ಕತೆ. ಹಾಗಾಗಿ ಇವರ ಪುಸ್ತಕದ ವಿಷಯದಲ್ಲಿ ಯಾವ ಶೀರ್ಷಿಕೆ ಎಂಬುದರಷ್ಟೇ ಯಾವ ಆವೃತ್ತಿ ಎಂಬುದೂ ಮುಖ್ಯ.

ಈ ಪುಸ್ತಕದ ಇಂಗ್ಲಿಷ್ ಪಠ್ಯದಲ್ಲಿ ಇರುವುದು 224 ಪದಗಳು. ಭಾನುವಾರ ಬೆಳಗ್ಗೆ ಮೊಟ್ಟೆಯೊಡೆದು ಬಂದ ಹುಳ ಸೋಮವಾರದಿಂದ ಶುಕ್ರವಾರದವರೆಗೆ ಒಂದು, ಎರಡು, ಮೂರು, ನಾಲ್ಕು, ಐದು ಹಣ್ಣು ತಿನ್ನುತ್ತದೆ. ಅಂದರೆ ಹದಿನೈದು ಹಣ್ಣು, ಹದಿನೈದು ತೂತು. ಶನಿವಾರ ಹತ್ತು ಬಗೆಯ ತಿಂಡಿ ತಿಂದು ಹೊಟ್ಟೆನೋವು ತಂದುಕೊಳ್ಳುತ್ತದೆ. ಮರುದಿನ ಒಂದು ಹಸಿರೆಲೆ ತಿಂದು ಸುಧಾರಿಸಿಕೊಂಡು, ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬರುತ್ತದೆ. ಎಣಿಕೆ, ವಾರದ ಹೆಸರು, ಹಣ್ಣಿನ ಹೆಸರು, ಹುಳ ಚಿಟ್ಟೆಯಾಗುವುದು, ಹೀಗೆ ನಾಲ್ಕು ಪಾಠಗಳಿದ್ದರೂ ಒಂದೂ ಪಾಠದಂತೆ ಅನ್ನಿಸುವುದಿಲ್ಲ. ಕಾರಣ ಪುಟದ ಅಗಲದಲ್ಲಿದೆ. ಹಣ್ಣು ಹೆಚ್ಚಾದಂತೆ ಪುಟ ಅಗಲವಾಗುತ್ತ ಹೋಗುತ್ತದೆ. ಅಂಕಿ ಗೊತ್ತಿಲ್ಲದ ಎರಡು ವರ್ಷದ ಮಗುವಿಗೂ ‘ಇವತ್ತು ನಿನ್ನೆಗಿಂತ ಜಾಸ್ತಿ’ ಎಂಬುದು ಕೈಗೇ ಗೊತ್ತಾಗುತ್ತದೆ. ಹುಳ ಹೋದ ದಾರಿಯಲ್ಲಿ ಬೆರಳು ತೂರಿಸಿದರೆ ಎಣಿಕೆ ತಾನಾಗಿ ಆಗುತ್ತದೆ. ಓದುವವರು ಮಾಡಬೇಕಾದ ಕೆಲಸ ಒಂದೇ: ಅವಸರಪಡದೆ ಪುಟ ತಿರುಗಿಸುವುದನ್ನು ಮಗುವಿಗೆ ಬಿಡುವುದು.

ಈ ಪುಸ್ತಕ ಹುಟ್ಟಿದ್ದೂ ತೂತಿನಿಂದಲೇ. ಕಾರ್ಲ್ ಕಾಗದದ ಕಟ್ಟೊಂದಕ್ಕೆ ಪಂಚಿಂಗ್ ಮೆಷಿನ್‌ನಿಂದ ತೂತು ಹೊಡೆಯುತ್ತ ಕೂತಿದ್ದಾಗ ಪುಸ್ತಕ ತಿನ್ನುವ ಹುಳದ ಯೋಚನೆ ಬಂತು. ಮೊದಲ ಕರಡಿನಲ್ಲಿ ನಾಯಕ ವಿಲ್ಲಿ ಎಂಬ ಹುಳ. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಅವರಿಗೆ ಆ ಹುಳ ಹಿಡಿಸಲಿಲ್ಲ, ಕಂಬಳಿಹುಳುವಾದರೆ ಹೇಗೆ ಎಂದು ಕೇಳಿದರು. ಕಂಬಳಿಹುಳು ಎಂದಮೇಲೆ ಕೊನೆಗೆ ಚಿಟ್ಟೆ ಬರಲೇಬೇಕಲ್ಲ, ಕತೆಗೆ ಕೊನೆ ಸಿಕ್ಕಿತು. ಆದರೆ ಬೇರೆ ಬೇರೆ ಅಗಲದ, ತೂತುಳ್ಳ ಪುಟಗಳನ್ನು ಕೈಗೆಟಕುವ ಬೆಲೆಗೆ ಮುದ್ರಿಸಿ ಕಟ್ಟಿಕೊಡುವವರು ಅಮೆರಿಕದಲ್ಲಿ ಸಿಗಲಿಲ್ಲ. ಜಪಾನಿನ ಕೈಸೇಶಾ ಪ್ರಕಾಶನದ ಹಿರೋಶಿ ಇಮಾಮುರಾ ನೆರವಾದರು. ಮೊದಲ ಮುದ್ರಣ ಜಪಾನಿನಲ್ಲಿ ಆಗಿ, 1969ರ ಜೂನ್‌ನಲ್ಲಿ ವರ್ಲ್ಡ್ ಪಬ್ಲಿಷಿಂಗ್ ಕಂಪನಿಯಿಂದ ಪುಸ್ತಕ ಹೊರಬಂತು. ಡೈ ಕಟಿಂಗ್ (ಅಚ್ಚಿನ ಅಲಗಿನಿಂದ ಕಾಗದ ಕತ್ತರಿಸುವುದು) ಮಾಡಿಸಿ ನೋಡಿದ ಯಾವ ಪ್ರೆಸ್ಸಿನವರಿಗಾದರೂ ಈ ಕಷ್ಟ ಅರ್ಥವಾಗುತ್ತದೆ. ಪ್ರತಿ ಅಗಲಕ್ಕೂ ಬೇರೆ ಡೈ ಬೇಕು, ಮುದ್ರಣ ಅರ್ಧ ಮಿಲಿಮೀಟರ್ ಸರಿದರೂ ತೂತು ಹಣ್ಣಿನ ನಡುವಿನಿಂದ ಪಕ್ಕಕ್ಕೆ ಹೋಗುತ್ತದೆ, ಅಳತೆ ಏರುಪೇರಾದ ಪುಟಗಳನ್ನು ಜೋಡಿಸುವಾಗ ಕೈಕೆಲಸ ಹೆಚ್ಚು. ಕಡಿಮೆ ಪ್ರತಿ ಹಾಕಿಸಿದರೆ ಖರ್ಚು ಹುಟ್ಟುವುದಿಲ್ಲ. ನಮ್ಮಲ್ಲಿ ಕನ್ನಡದ ಚಿತ್ರಪುಸ್ತಕಗಳಲ್ಲಿ ಇಂಥ ಕತ್ತರಿ ಕೆಲಸ ಅಪರೂಪವಾಗಿರುವುದಕ್ಕೂ ಈ ಲೆಕ್ಕವೇ ದೊಡ್ಡ ಕಾರಣ, ಕಲ್ಪನೆಯ ಕೊರತೆಯಲ್ಲ.

ಈಗ ಆವೃತ್ತಿಗಳ ವಿಷಯ. ದೊಡ್ಡ ಗಟ್ಟಿರಟ್ಟಿನ ಆವೃತ್ತಿ ಸುಮಾರು 30 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ. ಬಣ್ಣದ ಕಾಗದದ ಮೇಲಿನ ಕುಂಚದ ಗೆರೆ, ತೇಪೆಯ ಅಂಚು ಎಲ್ಲ ಕಾಣುವುದು ಇದರಲ್ಲೇ. ಶಾಲೆ, ಅಂಗನವಾಡಿ, ಗ್ರಂಥಾಲಯದಲ್ಲಿ ಹತ್ತು ಮಕ್ಕಳನ್ನು ಕೂರಿಸಿ ಓದುವುದಾದರೆ ಇದೇ ಬೇಕು. ಆದರೆ ಒಳಪುಟ ಕಾಗದದ್ದು. ಮೂರು ವರ್ಷದೊಳಗಿನ ಮಗುವಿನ ಕೈಗೆ ಒಂಟಿಯಾಗಿ ಕೊಟ್ಟರೆ ವಾರ ತಡೆಯುವುದಿಲ್ಲ. ಸಣ್ಣ ಬೋರ್ಡ್ ಪುಸ್ತಕ ಸುಮಾರು 18 ಸೆಂ.ಮೀ. ಅಗಲ, 13 ಸೆಂ.ಮೀ. ಎತ್ತರ. ಪ್ರತಿ ಪುಟವೂ ದಪ್ಪ ರಟ್ಟು, ಮೂಲೆ ದುಂಡಗೆ. ಒಂದರಿಂದ ಮೂರು ವರ್ಷದವರಿಗೆ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಇದು. ಚಿತ್ರ ಕುಗ್ಗಿದೆ, ತೂತೂ ಕುಗ್ಗಿದೆ, ಆದರೂ ಮೆಟ್ಟಿಲು ಮೆಟ್ಟಿಲಾದ ಪುಟಗಳು ಇವೆ. ನಡುವಿನ ತೆಳು ಪೇಪರ್‌ಬ್ಯಾಕ್ ಆವೃತ್ತಿ ಬೆಲೆಗೆ ಚೆನ್ನಾಗಿ ಕಂಡರೂ ಈ ಪುಸ್ತಕಕ್ಕೆ ಸರಿಹೋಗದು. ಕಿರಿದಾದ ಸೋಮವಾರದ ಪುಟವನ್ನು ಮಗು ಅಂಚು ಹಿಡಿಯದೆ ತೂತಿಗೆ ಬೆರಳು ಹಾಕಿ ಎಳೆಯುತ್ತದೆ, ಬೆನ್ನಿನ ಕಡೆ ಹರಿಯುತ್ತದೆ. ಶುಕ್ರವಾರದ ಪುಟದಲ್ಲಿ ಐದು ತೂತು ಒಂದೇ ಪುಟದಲ್ಲಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಸೀಳು ಸುಲಭವಾಗಿ ಓಡುತ್ತದೆ.

ಬೋರ್ಡ್ ಪುಸ್ತಕ ಹಾಳಾಗುವ ರೀತಿ ಬೇರೆ. ಮಗು ಮೂಲೆ ಚೀಪುತ್ತದೆ, ಜೊಲ್ಲಿಗೆ ರಟ್ಟಿನ ಪದರ ಬಿಡುತ್ತದೆ, ಬಿಟ್ಟ ಪದರವನ್ನು ಸುಲಿಯುವುದು ಮಗುವಿಗೆ ಓದುವುದಕ್ಕಿಂತ ಖುಷಿ. ಪದರ ಬಿಟ್ಟದ್ದು ಕಂಡ ದಿನವೇ ಪುಸ್ತಕ ತೆರೆದಿಟ್ಟು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ರಟ್ಟು ಬಾಗುತ್ತದೆ. ಪದರದ ನಡುವೆ ಬಿಳಿ ಫೆವಿಕಾಲನ್ನು ಕಡ್ಡಿಯ ತುದಿಯಿಂದ ತೆಳುವಾಗಿ ಸವರಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ರಾತ್ರಿಯಿಡೀ ಭಾರ ಹೇರಿ. ಪ್ಲಾಸ್ಟಿಕ್ ಮರೆತರೆ ತೂತಿನಿಂದ ಇಳಿದ ಅಂಟು ಎರಡು ಪುಟವನ್ನು ಸೇರಿಸಿಬಿಡುತ್ತದೆ. ಕಾಗದದ ಆವೃತ್ತಿ ಹರಿದಿದ್ದರೆ ಹರಿದ ಅಂಚುಗಳನ್ನು ಜೋಡಿಸಿ ಎರಡೂ ಬದಿಗೆ ಪಾರದರ್ಶಕ ಟೇಪು ಹಾಕಿ, ಆಮೇಲೆ ತೂತಿನ ಜಾಗವನ್ನು ಸಣ್ಣ ಕತ್ತರಿಯಿಂದ ಮತ್ತೆ ಬಿಡಿಸಿ. ಟೇಪು ತೂತನ್ನು ಮುಚ್ಚಿಕೊಂಡೇ ಉಳಿದರೆ ಆ ಪುಟ ಮಗುವಿಗೆ ಸತ್ತಂತೆ. ಸ್ಟೇಷನರಿ ಅಂಗಡಿಯ ಅಗ್ಗದ ಸೆಲ್ಲೋಟೇಪು ಕೆಲ ವರ್ಷಕ್ಕೆ ಹಳದಿಯಾಗಿ ಅಂಟು ಕಾರುತ್ತದೆ, ಗ್ರಂಥಾಲಯದ ಪ್ರತಿಗಳಿಗೆ ಪುಸ್ತಕ ರಿಪೇರಿಗೆಂದೇ ಬರುವ ಟೇಪು ಬಳಸಿ.

ಇಂಗ್ಲಿಷ್ ಪುಸ್ತಕ ಕೈಯಲ್ಲಿಟ್ಟುಕೊಂಡು ಕನ್ನಡದಲ್ಲಿ ಹೇಳುವ ಮನೆಗಳೇ ನಮ್ಮಲ್ಲಿ ಹೆಚ್ಚು, ಈ ಪುಸ್ತಕ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಹಣ್ಣಿನ ನಂತರ ಬರುವ ಪಲ್ಲವಿಯನ್ನು ‘ಆದರೂ ಹಸಿವು ತೀರಲಿಲ್ಲ’ ಎಂದೋ ‘ಹೊಟ್ಟೆ ತುಂಬಲೇ ಇಲ್ಲ’ ಎಂದೋ ಒಂದನ್ನು ಹಿಡಿದುಕೊಂಡು ಪ್ರತಿ ಸಲವೂ ಅದನ್ನೇ ಹೇಳಿ. ದಿನಕ್ಕೊಂದು ಮಾತು ಬದಲಿಸಿದರೆ ಮಗು ದನಿಗೂಡಿಸಲಾಗದು. ತೊಡಕಾಗುವುದು ಶನಿವಾರದ ಜೋಡಿಪುಟದಲ್ಲಿ. ಚಾಕೊಲೇಟ್ ಕೇಕು, ಐಸ್‌ಕ್ರೀಮ್ ಕೋನು, ಲಾಲಿಪಾಪು, ಕಪ್‌ಕೇಕು, ಕಲ್ಲಂಗಡಿ ಹೋಳು ಇವಕ್ಕೆ ವಿವರಣೆ ಬೇಕಿಲ್ಲ. ಸ್ವಿಸ್ ಚೀಸು, ಸಲಾಮಿ, ಸಾಸೇಜು, ಚೆರ್ರಿ ಪೈ ಹಲವು ಮನೆಗಳಲ್ಲಿ ಕಾಣದ ವಸ್ತುಗಳು. ಸಲಾಮಿ, ಸಾಸೇಜು ಮಾಂಸದವು. ಸಸ್ಯಾಹಾರದ ಮನೆಯವರು ಹೆಸರು ಹೇಳಿ ಮುಂದೆ ಹೋದರೆ ಸಾಕು, ಚಿತ್ರ ಮುಚ್ಚುವ ಅಗತ್ಯವಿಲ್ಲ. ‘ಪಿಕಲ್’ ಎಂದು ಬರೆದಿರುವ ಹಸಿರು ಕಾಯಿಯನ್ನು ನೋಡಿ ಮಕ್ಕಳು ಇದು ಉಪ್ಪಿನಕಾಯಿಯೇ ಎಂದು ಕೇಳುತ್ತಾರೆ. ಅದು ಹುಳಿನೀರಿನಲ್ಲಿ ಇಡಿಯಾಗಿ ಹಾಕಿಟ್ಟ ಮಿಡಿಸೌತೆ. ತೊಂಬತ್ತರ ದಶಕದಿಂದ ಕರ್ನಾಟಕದ ರೈತರು ಕಂಪನಿಗಳ ಕರಾರಿನ ಮೇಲೆ ಬೆಳೆದು ವಿದೇಶಕ್ಕೆ ಕಳಿಸುತ್ತಿರುವ ಗೆರ್ಕಿನ್ ಇದೇ. ಮಧ್ಯ ಕರ್ನಾಟಕದ ಎಷ್ಟೋ ಮಕ್ಕಳು ಆ ಪುಟದ ಹತ್ತು ತಿಂಡಿಗಳಲ್ಲಿ ಹೊಲದಲ್ಲೇ ನೋಡಿರಬಹುದಾದದ್ದು ಅದು ಮತ್ತು ಕಲ್ಲಂಗಡಿ.

ಶನಿವಾರದ ಜೋಡಿಪುಟದಲ್ಲಿ ಹತ್ತೂ ತಿಂಡಿ ಸಾಲಾಗಿ ಬರುತ್ತವೆ, ಆದರೆ ಪುಟದ ಅಗಲ ಬದಲಾಗುವುದಿಲ್ಲ. ಮೆಟ್ಟಿಲು ಮುಗಿದು ದೊಡ್ಡ ಬಯಲಿಗೆ ಬಂದಂತಾಗುತ್ತದೆ. ಇಲ್ಲಿ ಎಣಿಸಲು ಹೋಗಬೇಡಿ. ಉಸಿರು ಕಟ್ಟಿ ಒಂದೇ ಓಟಕ್ಕೆ ಹತ್ತೂ ಹೆಸರು ಹೇಳಿ ಮುಗಿಸಿದರೆ ಹೊಟ್ಟೆನೋವಿನ ಸಾಲಿಗೆ ತೂಕ ಬರುತ್ತದೆ.

ಇನ್ನು ವಿಜ್ಞಾನದ ತಕರಾರು. ಚಿಟ್ಟೆಯ ಮರಿಹುಳು ರೇಷ್ಮೆಯ ಗೂಡು ನೇಯುವುದಿಲ್ಲ, ತನ್ನ ಚರ್ಮ ಕಳಚಿ ಗಟ್ಟಿ ಕೋಶವಾಗುತ್ತದೆ. ಗೂಡು ನೇಯುವುದು ಪತಂಗದ ಜಾತಿ. ರೇಷ್ಮೆ ಬೆಳೆಯುವ ನಾಡಿನವರಿಗೆ, ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದಲ್ಲಿ ಮಾತ್ರ ಹುಳ ಗೂಡು ಕಟ್ಟಿ, ಎರಡು ವಾರಕ್ಕೂ ಹೆಚ್ಚು ಒಳಗಿದ್ದು, ಗೂಡನ್ನು ಕಡಿದು ತೂತು ಮಾಡಿಕೊಂಡು ಚಿಟ್ಟೆಯಾಗಿ ಬರುತ್ತದೆ. ಚಿಟ್ಟೆಗೆ ಕಡಿಯುವ ಬಾಯಿಯೇ ಇರುವುದಿಲ್ಲ. ರೇಷ್ಮೆಯ ಪತಂಗ ಕೂಡ ಗೂಡನ್ನು ದ್ರವದಿಂದ ಮೆದುಮಾಡಿಕೊಂಡು ಹೊರಬರುತ್ತದೆ. ಕಾರ್ಲ್ ಈ ತಪ್ಪನ್ನು ಮುಚ್ಚಿಡಲಿಲ್ಲ. ತಮ್ಮ ಹುಳ ಸಾಮಾನ್ಯದ್ದಲ್ಲ ಎನ್ನುತ್ತಿದ್ದರು, ಪಾರ್ನಾಸಿಯಸ್ ಗುಂಪಿನ ಬೆಟ್ಟದ ಚಿಟ್ಟೆಗಳು ತೆಳುವಾದ ರೇಷ್ಮೆಯ ಹೊದಿಕೆ ಮಾಡಿಕೊಳ್ಳುವುದನ್ನೂ ತೋರಿಸುತ್ತಿದ್ದರು. ಆ ಸಮರ್ಥನೆ ನಿಜವಾದರೂ ಬಲವಂತದ್ದು. ಶಿಕ್ಷಕರು ಇದನ್ನು ಪುಸ್ತಕದ ದೋಷ ಎಂದು ನೇರವಾಗಿಯೇ ಹೇಳಿ, ಸರಿಯಾದದ್ದನ್ನು ಹಿತ್ತಲಲ್ಲಿ ತೋರಿಸಬಹುದು.

ತೋರಿಸುವ ದಾರಿ ಸುಲಭ. ಕರಿಬೇವು ಅಥವಾ ನಿಂಬೆ ಗಿಡದ ಎಳೆ ಎಲೆಗಳನ್ನು ಮಳೆಗಾಲದಲ್ಲಿ ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳಿ ಮರಿಹುಳುಗಳು ನಿಂಬೆ ಚಿಟ್ಟೆಯವು. ದೊಡ್ಡದಾದಾಗ ಹಸಿರಾಗುತ್ತವೆ. ಮೈಮೇಲೆ ಉರಿತರುವ ರೋಮವಿಲ್ಲ, ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂತಹದ್ದನ್ನು ಹೊರಚಾಚಿ ವಾಸನೆ ಬಿಡುತ್ತವೆ, ಅಷ್ಟೆ. ಅಗಲಬಾಯಿಯ ಸೀಸೆಗೆ ಒಂದು ಕಡ್ಡಿ, ಅದೇ ಗಿಡದ ತಾಜಾ ಎಲೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಡಿ. ದಿನಾ ಹಿಕ್ಕೆ ತೆಗೆದು ಎಲೆ ಬದಲಿಸಬೇಕು, ತೇವ ನಿಂತರೆ ಬೂಸ್ಟು ಬಂದು ಹುಳ ಸಾಯುತ್ತದೆ. ಹುಳ ಕಡ್ಡಿಗೆ ಸೊಂಟಕ್ಕೊಂದು ರೇಷ್ಮೆಯ ದಾರ ಬಿಗಿದುಕೊಂಡು ಕೋಶವಾಗುತ್ತದೆ. ಸೀಸೆಯನ್ನು ಅಲುಗಾಡಿಸದೆ ಇಟ್ಟರೆ ಸುಮಾರು ಒಂದೂವರೆ ವಾರದೊಳಗೆ ಚಿಟ್ಟೆ. ಒಂದು ಮಾತು ಮಕ್ಕಳಿಗೆ ಹೇಳಲೇಬೇಕು: ಈ ಹುಳಕ್ಕೆ ಸೇಬು, ಕೇಕು ಹಾಕಿದರೆ ಉಪವಾಸ ಸಾಯುತ್ತದೆ. ನಿಂಬೆಯ ಕುಟುಂಬದ ಎಲೆ ಬಿಟ್ಟು ಬೇರೇನನ್ನೂ ಅದು ತಿನ್ನದು. ಹಾಗೆ ನೋಡಿದರೆ ಪುಸ್ತಕದಲ್ಲಿ ವಿಜ್ಞಾನಕ್ಕೆ ಹತ್ತಿರವಾದ ಊಟ ಆ ಕೊನೆಯ ಭಾನುವಾರದ ಹಸಿರೆಲೆಯೊಂದೇ.

ಜನ ಇದನ್ನು ಹೇಗೆ ಬರಮಾಡಿಕೊಂಡರು ಎಂಬುದಕ್ಕೆ ಅಂಕಿ ಸಾಕಷ್ಟಿವೆ. 5.5 ಕೋಟಿಗೂ ಹೆಚ್ಚು ಪ್ರತಿ, 60ಕ್ಕೂ ಹೆಚ್ಚು ಭಾಷೆ. ಕಾರ್ಲ್ ಚಿತ್ರ ಬರೆದ ಪುಸ್ತಕಗಳು ಎಪ್ಪತ್ತಕ್ಕೂ ಹೆಚ್ಚು, ಒಟ್ಟು ಮಾರಾಟ 17 ಕೋಟಿ ಪ್ರತಿ ದಾಟಿದೆ. ಅಮೆರಿಕದಲ್ಲಿ ಚಿತ್ರಪುಸ್ತಕಕ್ಕೆ ದೊಡ್ಡದೆನಿಸುವ ಕಾಲ್ಡೆಕಾಟ್ ಪದಕ ಮಾತ್ರ ಇವರಿಗೆ ಒಮ್ಮೆಯೂ ಸಿಗಲಿಲ್ಲ. 2003ರಲ್ಲಿ ಜೀವಮಾನದ ಕೆಲಸಕ್ಕೆ ಲಾರಾ ಇಂಗಲ್ಸ್ ವೈಲ್ಡರ್ ಪದಕ ಬಂತು. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಕ್ಕಳ ಬೊಜ್ಜಿನ ವಿರುದ್ಧದ ಪ್ರಚಾರಕ್ಕೆ ಇದೇ ಪುಸ್ತಕದ ವಿಶೇಷ ಪ್ರತಿಗಳನ್ನು ವೈದ್ಯರ ಕೋಣೆಗಳಿಗೆ ಕಳಿಸಿತು. ಆ ಬಳಕೆ ಪುಸ್ತಕಕ್ಕೆ ಅಷ್ಟು ಒಪ್ಪುವುದಿಲ್ಲ. ಹೊಟ್ಟೆನೋವು ಒಂದು ರಾತ್ರಿಯ ಮಾತು. ಕೇಕು ತಿಂದದ್ದಕ್ಕೆ ಯಾರೂ ಹುಳವನ್ನು ಬೈಯುವುದಿಲ್ಲ, ಕೊನೆಗೆ ಅದು ಚಿಟ್ಟೆಯಾಗುವುದನ್ನೂ ಯಾರೂ ತಡೆಯುವುದಿಲ್ಲ.

ಹೊಟ್ಟೆನೋವಿನ ಬಗ್ಗೆಯೇ ಹರಡಿದ ಒಂದು ಸುಳ್ಳನ್ನು ಇಲ್ಲಿ ಹೇಳಿಬಿಡಬೇಕು. ಆ ಸಾಲು ಬೇಡವೆಂದು ಕಾರ್ಲ್ ಪ್ರಕಾಶಕರ ಜೊತೆ ಜಗಳವಾಡಿದ್ದರು ಎಂಬ ಮಾತನ್ನು ನೀವು ಓದಿರಬಹುದು. ಅದು ‘ಪ್ಯಾರಿಸ್ ರಿವ್ಯೂ’ ಪತ್ರಿಕೆ 2015ರ ಏಪ್ರಿಲ್ 1ರಂದು ಹಾಕಿದ ಹುಸಿ ಸಂದರ್ಶನ. 2021ರ ಮೇ 23ರಂದು ಕಾರ್ಲ್ ತೀರಿಕೊಂಡಾಗ ಅದನ್ನು ನಿಜವೆಂದು ನಂಬಿ ದೊಡ್ಡ ದೊಡ್ಡ ಸುದ್ದಿಸಂಸ್ಥೆಗಳೂ ಉದ್ಧರಿಸಿದವು. ಬೇಸರದ ಇನ್ನೊಂದು ಪ್ರಸಂಗ 2010ರದ್ದು. ಕಾರ್ಲ್ ಮೊದಲು ಚಿತ್ರ ಬರೆದುಕೊಟ್ಟ 1967ರ ‘ಬ್ರೌನ್ ಬೇರ್, ಬ್ರೌನ್ ಬೇರ್, ವಾಟ್ ಡು ಯು ಸೀ?’ ಪುಸ್ತಕದ ಲೇಖಕ ಬಿಲ್ ಮಾರ್ಟಿನ್ ಜೂನಿಯರ್ ಹೆಸರನ್ನು ಟೆಕ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ಪಠ್ಯಕ್ರಮದಿಂದ ತೆಗೆದುಹಾಕಿತು. ಮಾರ್ಕ್ಸ್‌ವಾದದ ಮೇಲೆ ಪುಸ್ತಕ ಬರೆದ, ಅದೇ ಹೆಸರಿನ ಬೇರೊಬ್ಬ ತತ್ವಶಾಸ್ತ್ರಜ್ಞರೇ ಇವರೆಂದು ತಿಳಿದು ಮಾಡಿದ ಕೆಲಸ ಅದು.

ಬಣ್ಣದ ವಿಷಯಕ್ಕೆ ಬಂದರೆ ಕಾರ್ಲ್ ಅವರ ಬಾಲ್ಯವನ್ನು ಬಿಟ್ಟು ಮಾತಾಡಲಾಗದು. 1929ರ ಜೂನ್ 25ರಂದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಹುಟ್ಟಿದ ಇವರನ್ನು ಜರ್ಮನ್ ಮೂಲದ ತಂದೆತಾಯಿ ಆರನೇ ವಯಸ್ಸಿಗೆ ಸ್ಟುಟ್‌ಗಾರ್ಟ್‌ಗೆ ಕರೆದುಕೊಂಡು ಹೋದರು. ಹಿಟ್ಲರನ ಕಾಲ. ಮರದ ತೊಗಟೆ ಎತ್ತಿ ಹುಳುಹುಪ್ಪಟೆ ತೋರಿಸುತ್ತಿದ್ದ ಅಪ್ಪ ಸೈನ್ಯಕ್ಕೆ ಹೋದರು, ಸೋವಿಯತ್ ಸೆರೆಯಿಂದ ಎಲುಬಿನ ಗೂಡಾಗಿ ಮರಳಿದರು. ಊರಿನ ಮನೆಗಳಿಗೆ ವಿಮಾನದಾಳಿಯ ಭಯಕ್ಕೆ ಬೂದು, ಮಣ್ಣು ಬಣ್ಣ ಬಳಿದಿದ್ದರು. ಆಗ ಫ್ರಿಡೋಲಿನ್ ಕ್ರೌಸ್ ಎಂಬ ಚಿತ್ರಕಲಾ ಮೇಷ್ಟ್ರು ನಾಜಿಗಳು ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಫ್ರಾಂಜ್ ಮಾರ್ಕ್ ಬರೆದ ನೀಲಿ ಕುದುರೆಯ ಋಣವನ್ನು ಕಾರ್ಲ್ 2011ರಲ್ಲಿ ಒಂದು ಪುಸ್ತಕವನ್ನೇ ಮಾಡಿ ತೀರಿಸಿದರು. 1952ರಲ್ಲಿ ಕಿಸೆಯಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕಿಗೆ ಮರಳಿದಾಗ, ಚಿತ್ರಪುಸ್ತಕ ಲೋಕದ ಇನ್ನೊಬ್ಬ ದೊಡ್ಡವರಾದ ಲಿಯೋ ಲಿಯೊನ್ನಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕೆಲಸ ಸಿಗಲು ನೆರವಾದರು. ಮುಂದೆ ಜಾಹೀರಾತಿಗೆಂದು ಕಾರ್ಲ್ ಮಾಡಿದ ಸಿಗಡಿಜಾತಿಯ ಕೆಂಪು ಲಾಬ್‌ಸ್ಟರ್ ಚಿತ್ರ ಬಿಲ್ ಮಾರ್ಟಿನ್ ಕಣ್ಣಿಗೆ ಬಿದ್ದದ್ದರಿಂದ ಮಕ್ಕಳ ಪುಸ್ತಕದ ಬಾಗಿಲು ತೆರೆಯಿತು.

ಅವರ ಕೆಲಸದ ಕ್ರಮ ಹೀಗೆ. ತೆಳುವಾದ ಟಿಶ್ಯೂ ಕಾಗದದ ಮೇಲೆ ಅಕ್ರಿಲಿಕ್ ಬಣ್ಣವನ್ನು ಅಗಲ ಕುಂಚ, ಬೆರಳು, ಸ್ಪಂಜು, ಕಾರ್ಪೆಟ್ಟಿನ ತುಂಡು ಹೀಗೆ ಸಿಕ್ಕಿದ್ದರಿಂದ ಬಳಿದು, ಒತ್ತಿ, ಗೀಚಿ ಒಣಗಿಸುವುದು. ಒಣಗಿದ ಹಾಳೆಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಡ್ರಾಯರಿನಲ್ಲಿ ಜೋಡಿಸಿಡುವುದು. ಚಿತ್ರದ ಗೆರೆಯನ್ನು ಟ್ರೇಸಿಂಗ್ ಕಾಗದದಲ್ಲಿ ಬರೆದು, ಅದನ್ನು ಬಣ್ಣದ ಹಾಳೆಯ ಮೇಲಿಟ್ಟು ಕಟರ್‌ನಿಂದ ಕತ್ತರಿಸಿ, ಗೋಡೆಕಾಗದಕ್ಕೆ ಬಳಸುವ ಅಂಟಿನಿಂದ ಬಿಳಿ ರಟ್ಟಿಗೆ ಹಚ್ಚುವುದು. ರೋಮ, ಮೀಸೆಯಂಥ ಸಣ್ಣ ಗೆರೆಗಳಿಗೆ ಕ್ರೇಯಾನ್. ಆರಂಭದಲ್ಲಿ ಅಂಗಡಿಯ ಬಣ್ಣದ ಟಿಶ್ಯೂ ಬಳಸುತ್ತಿದ್ದರು. ಅದು ಬೆಳಕಿಗೆ ಮಾಸುವುದು ಕಂಡು, ಆಮ್ಲರಹಿತ ಬಿಳಿ ಕಾಗದಕ್ಕೆ ತಾವೇ ಬಣ್ಣ ಬಳಿಯತೊಡಗಿದರು. ಇಂದಿನ ‘ಕ್ಯಾಟರ್‌ಪಿಲ್ಲರ್’ ಪ್ರತಿಯ ಹಕ್ಕುಪುಟದಲ್ಲಿ (ಕಾಪಿರೈಟ್ ಪುಟ) 1969ರ ಜೊತೆ 1987 ಎಂದೂ ಕಾಣುವುದು ಚಿತ್ರಗಳನ್ನು ಮತ್ತೆ ಮಾಡಿದ್ದರಿಂದ.

ಮನೆಯಲ್ಲಿ, ಶಾಲೆಯಲ್ಲಿ ಇದನ್ನು ಮಾಡಿಸುವವರು ಸಾಮಾನ್ಯವಾಗಿ ಎಡವುವುದು ಬಣ್ಣದಲ್ಲಿ. ಪೋಸ್ಟರ್ ಬಣ್ಣ ಅಥವಾ ವಾಟರ್ ಕಲರ್ ಬಳಿದ ತೆಳು ಕಾಗದಕ್ಕೆ ಅಂಟು ಸವರಿದ ಕೂಡಲೇ ಬಣ್ಣ ಕರಗಿ ಕಲೆಯಾಗುತ್ತದೆ. ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ, ಅದಕ್ಕೇ ಕಾರ್ಲ್ ಅದನ್ನು ಹಿಡಿದದ್ದು. ಗಾಳಿಪಟದ ಬಣ್ಣದ ಕಾಗದವೂ ಒದ್ದೆಯಾದರೆ ಬಣ್ಣ ಬಿಡುತ್ತದೆ, ಕೆಂಪು ಮತ್ತು ಗುಲಾಬಿ ಎಲ್ಲಕ್ಕಿಂತ ಹೆಚ್ಚು. ಬಿಳಿ ಗಾಳಿಪಟದ ಕಾಗದ ಕೊಂಡು ಅಕ್ರಿಲಿಕ್ ಬಳಿಯಿರಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲಿ, ಪೂರ್ತಿ ಒಣಗಿದ ಮೇಲೆ ಎಬ್ಬಿಸಿ. ಅಂಟಿಗೆ ಫೆವಿಕಾಲ್ ಮತ್ತು ನೀರು ಸಮಪಾಲು. ಅಂಟನ್ನು ರಟ್ಟಿಗೆ ಸವರಬೇಕು, ಕಾಗದಕ್ಕಲ್ಲ. ಕಾಗದಕ್ಕೆ ಸವರಿದರೆ ಸುರುಟಿ ಹರಿಯುತ್ತದೆ. ಮೈದಾ ಅಂಟಾದರೆ ಅರ್ಧ ಬಟ್ಟಲು ಮೈದಾವನ್ನು ಎರಡು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮಿನುಗು ಬರುವವರೆಗೆ ಕೈಬಿಡದೆ ತಿರುವಿ, ಆರಿಸಿ ಬಳಸಿ. ಬೈಂಡಿಂಗ್‌ನವರು ಹುಳ ಬಾರದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೆಲಸಕ್ಕೆ ಬೇಡವೇ ಬೇಡ. ಹಾಕದಿದ್ದರೆ ಅಂಟು ಎರಡು ದಿನಕ್ಕೆ ಹುಳಿಯುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ತೆಳು ರಟ್ಟು ಒಣಗುವಾಗ ಬಿಲ್ಲಿನಂತೆ ಬಾಗಿದರೆ ಹಿಂಬದಿಗೂ ಒಂದು ಖಾಲಿ ಕಾಗದ ಅಂಟಿಸಿ, ಎರಡೂ ಕಡೆಯ ಎಳೆತ ಸಮವಾಗುತ್ತದೆ.

ಕ್ಯಾಟರ್‌ಪಿಲ್ಲರ್ ನಂತರ ಯಾವುದು ಎಂದರೆ ನಮ್ಮ ಆಯ್ಕೆ ನಿಸ್ಸಂಶಯವಾಗಿ 1977ರ ‘ದಿ ಗ್ರೌಚಿ ಲೇಡಿಬಗ್’. ಬ್ರಿಟಿಷ್ ಆವೃತ್ತಿಯಲ್ಲಿ ಇದರ ಹೆಸರು ‘ದಿ ಬ್ಯಾಡ್-ಟೆಂಪರ್ಡ್ ಲೇಡಿಬರ್ಡ್’, ಎರಡೂ ಒಂದೇ ಪುಸ್ತಕ, ಗೊತ್ತಿಲ್ಲದೆ ಎರಡನ್ನೂ ತರಿಸಬೇಡಿ. ಎಲೆಯ ಮೇಲಿನ ಸಸ್ಯಹೇನುಗಳನ್ನು ಹಂಚಿಕೊಳ್ಳಲು ಒಪ್ಪದ ಮುಂಗೋಪಿ ಗುಲಗಂಜಿ ಹುಳ ಬೆಳಗಿನ ಆರು ಗಂಟೆಯಿಂದ ಗಂಟೆಗೊಂದು ಪ್ರಾಣಿಯ ಜೊತೆ ಜಗಳ ತೆಗೆಯುತ್ತದೆ. ಕಣಜದಿಂದ ಆನೆಯವರೆಗೆ ಪ್ರಾಣಿ ದೊಡ್ಡದಾದಂತೆ ಪುಟ ಅಗಲವಾಗುತ್ತದೆ, ಅಕ್ಷರವೂ ದಪ್ಪವಾಗುತ್ತದೆ. ಸಂಜೆ ಐದಕ್ಕೆ ತಿಮಿಂಗಿಲ ಸಿಗುತ್ತದೆ. ಅಲ್ಲಿಂದ ಕಾಲು ಗಂಟೆಗೊಂದು ಪುಟ, ಕೊನೆಗೆ ಬಾಲದ ತುಂಡುಪುಟ ತಿರುಗಿಸಿದರೆ ಹುಳ ಹೊಡೆತ ತಿಂದು ಎಲೆಗೆ ಬಂದು ಬೀಳುತ್ತದೆ. ಪುಟದ ಮೂಲೆಯ ಗಡಿಯಾರ, ಅದರ ಜೊತೆ ಏರಿ ಇಳಿಯುವ ಸೂರ್ಯ, ಗಂಟೆ ಕಲಿಯುವ ಐದಾರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಹುಡುಕುವುದು ಕಷ್ಟ. ಸಣ್ಣ ಬೋರ್ಡ್ ಆವೃತ್ತಿಯಲ್ಲಿ ಆ ಗಡಿಯಾರ ಬಟಾಣಿಯಷ್ಟಾಗುತ್ತದೆ, ದೊಡ್ಡದನ್ನೇ ಕೊಳ್ಳಿ.

1984ರ ‘ದಿ ವೆರಿ ಬಿಸಿ ಸ್ಪೈಡರ್’ನಲ್ಲಿ ಬಲೆ ಪುಟದಿಂದ ಪುಟಕ್ಕೆ ಬೆಳೆಯುತ್ತದೆ, ಅದರ ಎಳೆಗಳು ಉಬ್ಬಾಗಿ ಬೆರಳಿಗೆ ಸಿಗುತ್ತವೆ. ಕಣ್ಣು ಕಾಣದ, ಮಂದವಾಗಿ ಕಾಣುವ ಮಕ್ಕಳ ಜೊತೆ ಓದಲು ಕಾರ್ಲ್ ಪುಸ್ತಕಗಳಲ್ಲಿ ಇದು ಮೊದಲನೆಯದು. ಅಂಗಡಿಯಲ್ಲಿ ಕಣ್ಣುಮುಚ್ಚಿ ಬೆರಳಾಡಿಸಿ ನೋಡಿ, ಎಳೆ ತಟ್ಟದಿದ್ದರೆ ಆ ಪ್ರತಿ ಬೇಡ. 1986ರ ‘ಪಾಪಾ, ಪ್ಲೀಸ್ ಗೆಟ್ ದಿ ಮೂನ್ ಫಾರ್ ಮಿ’ಯಲ್ಲಿ ಏಣಿ ಮಡಿಕೆ ಬಿಚ್ಚುತ್ತ ಮೇಲೇರುತ್ತದೆ, ಚಂದ್ರ ಎಲ್ಲ ದಿಕ್ಕಿಗೂ ತೆರೆದುಕೊಳ್ಳುತ್ತಾನೆ. ಮೊದಲ ನೋಟಕ್ಕೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ, ಬೇಗ ಕೆಡುವುದೂ ಇದೇ. ಮಡಿಕೆ ಮೂಲ ಗೆರೆಯಲ್ಲೇ ಮುಚ್ಚದಿದ್ದರೆ ಹತ್ತೇ ಓದಿಗೆ ಅಡ್ಡ ಸುಕ್ಕು ಬಿದ್ದು ಹರಿಯುತ್ತದೆ. ಮುಚ್ಚುವ ಕೆಲಸ ದೊಡ್ಡವರೇ ಮಾಡಲಿ. ತಂದೆಯಂದಿರು ಓದಿಹೇಳಲು 2004ರ ‘ಮಿಸ್ಟರ್ ಸೀಹಾರ್ಸ್’ ಚೆಂದ. ಮೊಟ್ಟೆ ಹೊರುವ ಗಂಡು ಕಡಲಕುದುರೆ, ಪಾರದರ್ಶಕ ಹಾಳೆ ಎತ್ತಿದರೆ ಹವಳ, ಜೊಂಡಿನ ಹಿಂದೆ ಅಡಗಿದ ಮೀನು. ಆ ಹಾಳೆಗೆ ಎಣ್ಣೆಗೈ ತಾಗಿದರೆ ಮಸುಕಾಗುತ್ತದೆ, ಒಣ ಮೆದುಬಟ್ಟೆಯಿಂದ ಒರೆಸಿ, ನೀರು ಸೋಕಿಸಬೇಡಿ.

‘ವೆರಿ’ ಎಂದು ಶುರುವಾಗುವ ಸರಣಿ ಮುಂದೆ ಹೋದಂತೆ ಕತೆ ಸವೆದಿದೆ ಎಂಬ ಟೀಕೆ ಒಪ್ಪಬೇಕಾದದ್ದೇ. ಒಂದು ಹುಳ, ಅದಕ್ಕೊಂದು ಕೊರತೆ, ದಾರಿಯಲ್ಲಿ ಎಂಟು ಹತ್ತು ಭೇಟಿ, ಕೊನೆಯ ಪುಟದಲ್ಲಿ ಅಚ್ಚರಿ. 1990ರ ‘ದಿ ವೆರಿ ಕ್ವಯೆಟ್ ಕ್ರಿಕೆಟ್’ನಲ್ಲಿ ಇದು ಇನ್ನೂ ಜೀವಂತವಾಗಿದೆ. ಸದ್ದು ಹೊರಡಿಸಲಾಗದ ಜೀರುಂಡೆ ಕೊನೆಯ ಪುಟದಲ್ಲಿ ಮಾತ್ರ ಚಿರ್‌ಗುಟ್ಟುತ್ತದೆ, ಅದನ್ನು ಕೇಳುವ ಹೆಣ್ಣುಹುಳ ಮೌನವಾಗಿರುವುದೂ ವಿಜ್ಞಾನಕ್ಕೆ ಸರಿ. 1995ರ ‘ದಿ ವೆರಿ ಲೋನ್ಲಿ ಫೈರ್‌ಫ್ಲೈ’ನಲ್ಲಿ ಮಿಂಚುಹುಳುಗಳ ಸಣ್ಣ ದೀಪ ಹೊತ್ತಿಕೊಳ್ಳುತ್ತವೆ, ಆದರೆ ಅಲ್ಲಿಯವರೆಗಿನ ಪುಟಗಳು ಆ ದೀಪಕ್ಕಾಗಿ ಕಾಯಿಸುವಂತಿವೆ. 1999ರ ಕ್ಲಿಕ್ ಬೀಟಲ್ ಪುಸ್ತಕ ಬಿಟ್ಟರೂ ನಷ್ಟವಿಲ್ಲ. ಇದಕ್ಕಿಂತ ಎಚ್ಚರ ಬೇಕಾದದ್ದು ಹುಟ್ಟುಹಬ್ಬ, ಕ್ರಿಸ್‌ಮಸ್, ಪ್ರೀತಿಯ ಶುಭಾಶಯ ಎಂದು ಕ್ಯಾಟರ್‌ಪಿಲ್ಲರ್ ಮುಖವನ್ನು ಹೊದಿಕೆಗೆ ಹಾಕಿ ಬರುವ ಪುಟ್ಟ ಪುಸ್ತಕಗಳ ಬಗ್ಗೆ. 2019ರಲ್ಲಿ ಕಾರ್ಲ್ ಅವರ ಸ್ಟುಡಿಯೊವನ್ನು ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕೊಂಡಿತು, ಹಳೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿದ ಇಂಥವು ಅದಕ್ಕೂ ಮುಂಚಿನಿಂದ ಬರುತ್ತಿವೆ. ಅವುಗಳಲ್ಲಿ ಕತೆಯಿಲ್ಲ. ಹಕ್ಕುಪುಟದಲ್ಲಿ ಹತ್ತಿರದ ಇಸವಿ ಮಾತ್ರ ಇದ್ದರೆ ಅದು ಆ ಜಾತಿಯದು ಎಂದು ತಿಳಿಯಿರಿ.

ಸದ್ದು ಮತ್ತು ದೀಪದ ಪುಸ್ತಕಗಳನ್ನು ಹಳೆಯ ಪುಸ್ತಕದಂಗಡಿಯಲ್ಲಿ ಕೊಳ್ಳುವಾಗ ಕೊನೆಯ ಪುಟವನ್ನು ಮೂರು ನಾಲ್ಕು ಸಲ ತೆರೆದು ಮುಚ್ಚಿ ನೋಡಿ. ಸದ್ದು ಎಳೆದಂತೆ ಬಂದರೆ ಬ್ಯಾಟರಿ ಮುಗಿಯುತ್ತಿದೆ. ಹಿಂಬದಿಯಲ್ಲಿ ಸ್ಕ್ರೂ ಇರುವ ಮುಚ್ಚಳವಿದ್ದರೆ ಬದಲಿಸಬಹುದು, ಇಲ್ಲದಿದ್ದರೆ ಆ ಪ್ರತಿಯನ್ನು ಮೂಕ ಪುಸ್ತಕವೆಂದೇ ಎಣಿಸಿ ಬೆಲೆ ಕೇಳಿ. ಸ್ಕ್ರೂ ಸಡಿಲವಾಗಿದ್ದರೆ ಅಥವಾ ಮುಚ್ಚಳವೇ ಇಲ್ಲದಿದ್ದರೆ ಪುಸ್ತಕ ಬೇಡ. ಒಳಗಿರುವುದು ಬಟನ್ ಸೆಲ್. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಜೀರುಂಡೆ, ಮಿಂಚುಹುಳ ಎರಡನ್ನೂ ಮುಂದೂಡಿ, ಸದ್ಯಕ್ಕೆ ಕ್ಯಾಟರ್‌ಪಿಲ್ಲರ್‌ನ ಬೋರ್ಡ್ ಪುಸ್ತಕ ಮತ್ತು ಜೇಡನ ಉಬ್ಬು ಬಲೆ, ಇವೆರಡನ್ನು ತನ್ನಿ.